ನೊಗ ಹೊತ್ತ ಮೇಲಂಗಿ

ಹೊನ್ನಾವರ, ಕುಮಟಾ, ಭಟ್ಕಳ, ಯಾವ ಊರಿನ ಚರ್ಚಾದ್ರೂ ಸರಿ, ಪೂಜೆ ಹೊತ್ತಿಗೆ ಹೋಗಿ ನೋಡಿ. ತಪಸ್ಸು ಕಾಲದಲ್ಲಿ ಪಾದ್ರಿಯ ಮೇಲಂಗಿ ನೇರಳೆ, ಈಸ್ಟರ್‌ಗೆ ಬಿಳಿ, ಹುತಾತ್ಮರ ದಿನ ಕೆಂಪು, ವರ್ಷದ ಬಹುಪಾಲು ಹಸಿರು. ಆಡಂಬರ ಅಂತ ಮೂಗು ಮುರಿಯೋರಿದ್ದಾರೆ. ಆದ್ರೆ ಆ ಮೇಲಂಗಿ ಹುಟ್ಟಿದ್ದು ಎಲ್ಲಿ ಗೊತ್ತಾ? ಪ್ರಾಚೀನ ರೋಮ್‌ನ ಬೀದಿಯಲ್ಲಿ! ಮಳೆ, ಚಳಿಗೆ ದಾರಿಹೋಕರು ಹೊದೆಯುತ್ತಿದ್ದ ಬಟ್ಟೆ ಅದು, ನಮ್ಮ ಕಂಬಳಿ ಕೊಪ್ಪೆಯ ಹಾಗೆ. ಜನ ಅದನ್ನು ಬಿಟ್ಟರು, ಚರ್ಚು ಬಿಡಲಿಲ್ಲ. ಒಳಗಿನ ಬಿಳಿ ನಿಲುವಂಗಿ ಶುದ್ಧಿಯ ಗುರುತು. ಮೇಲಂಗಿ ತೊಡುವಾಗ ಹೇಳುವ ಹಳೆಯ ಪ್ರಾರ್ಥನೆ ಅದನ್ನು ಕರೆಯೋದು ಕ್ರಿಸ್ತನ ನೊಗ ಅಂತ. ನೊಗ ಹೊರೋನು ಯಜಮಾನ ಅಲ್ಲ, ಸ್ವಾಮಿ, ಆಳು.

ಇದನ್ನು ಬದುಕಿ ತೋರಿಸಿದ ಒಬ್ಬರು ನಮ್ಮ ಕರಾವಳಿಯಲ್ಲೇ ಓಡಾಡಿದ್ದರು. ಗೋವಾದ ಪಾದ್ರಿ ಜೋಸೆಫ್ ವಾಜ್. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿ, 1687ರಲ್ಲಿ ಲಂಕೆ ತಲುಪಿದರು. ಅಲ್ಲಿ ಡಚ್ಚರ ಆಳ್ವಿಕೆ, ಕ್ಯಾಥೊಲಿಕ್ ಪಾದ್ರಿಗಳಿಗೆ ನಿಷೇಧ. ವಾಜ್ ಪಾದ್ರಿಯ ಉಡುಪು ಕಳಚಿಟ್ಟು ಕೂಲಿಯವನ ವೇಷದಲ್ಲಿ ನುಸುಳಿದರು. ಕತ್ತಲಲ್ಲಿ, ಯಾರದೋ ಮನೆಯೊಳಗೆ ಪೂಜೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತ ಅಂತ ಘೋಷಿಸಿದ್ದು ಇವರನ್ನೇ. ಆದ್ರೆ 1692ರಲ್ಲಿ ಕ್ಯಾಂಡಿ ತಲುಪಿದಾಗ ಸಿಕ್ಕ ಸ್ವಾಗತ ಏನು? ಪೋರ್ಚುಗೀಸರ ಗೂಢಚಾರ ಅನ್ನೋ ಪಟ್ಟ, ಜತೆಗೆ ಜೈಲು.