ತೈಲ ಕೊಳವೆಮಾರ್ಗಗಳ ಸುರಕ್ಷತೆ ಮತ್ತು ಜಲಮೂಲ ರಕ್ಷಣೆ: ಹೈದರಾಬಾದ್

ವಿಶಾಖಪಟ್ಟಣದ ಸಂಸ್ಕರಣಾಗಾರದಿಂದ ವಿಜಯವಾಡದ ಮೂಲಕ ಸಿಕಂದರಾಬಾದಿಗೆ ಬರುವ ಹಿಂದೂಸ್ತಾನ್ ಪೆಟ್ರೋಲಿಯಂ ಕೊಳವೆಮಾರ್ಗದ ಉದ್ದ 572 ಕಿ.ಮೀ. ಹಾಸನದಿಂದ ಚೆರ್ಲಪಲ್ಲಿಗೆ ಅಡುಗೆ ಅನಿಲ ಸಾಗಿಸುವ ಮಾರ್ಗವೂ ಅದೇ ಸಂಸ್ಥೆಯದು. ಇಂಥ ಮಾರ್ಗಗಳಿಗೆ ಆಧಾರ 1962ರ ಕೇಂದ್ರ ಕಾಯ್ದೆ. ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಸಂಸ್ಥೆಗೆ ಹೋಗುತ್ತದೆ. ಕೊಳವೆ ಹಾದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಕೊಳವೆಯ ಕ್ಷೇಮವೇ ಆ ಕಾಯ್ದೆಯ ಮುಖ್ಯ ಚಿಂತೆ.

ಸುತ್ತಲಿನ ಜನರ ಚಿಂತೆ ಕಾನೂನಿಗೆ ಬಂದದ್ದು ತಡವಾಗಿ. ಭೋಪಾಲ ದುರಂತದ ತರುವಾಯ, 1986ರಲ್ಲಿ, ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ಹುಟ್ಟಿತು. 2006ರ ಕಾಯ್ದೆಯಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಬಂತು. ಪೆಟ್ರೋಲಿಯಂ ಕೊಳವೆಗಳಿಗೆ ಅದು ತಾಂತ್ರಿಕ ಸುರಕ್ಷತಾ ನಿಯಮ ರೂಪಿಸಿದ್ದು 2016ರಲ್ಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬ, ಪರಿಸರ ಸೂಕ್ಷ್ಮ ಪ್ರದೇಶಗಳಲ್ಲಿ ಹಾಯುವ ತೈಲ ಮಾರ್ಗಕ್ಕೆ ಕೇಂದ್ರದ ಅನುಮತಿ ಬೇಕೆಂದಿತು. ಊರಿಗೆ ನೀರು ಕೊಡುವ ಜಲಾಶಯದ ಹೆಸರು ಆ ಪಟ್ಟಿಯಲ್ಲಿಲ್ಲ. ಇದು ಸಣ್ಣ ಕೊರತೆಯಲ್ಲ. ಅಮೆರಿಕದ ಬೆಲ್ಲಿಂಗ್‌ಹ್ಯಾಮಿನಲ್ಲಿ 1999ರಲ್ಲಿ ಪೆಟ್ರೋಲ್ ಕೊಳವೆ ಒಡೆದು ಮೂವರು ಸತ್ತರು. 2000ದ ಡಿಸೆಂಬರಿನಲ್ಲಿ ಆ ದೇಶದಲ್ಲಿ ಹೊರಬಿದ್ದ ನಿಯಮ ಕುಡಿಯುವ ನೀರಿನ ಮೂಲಗಳನ್ನೂ ವಿಶೇಷ ರಕ್ಷಣೆಗೆ ಒಳಪಡಿಸಿತ್ತು.

ಹೈದರಾಬಾದಿನಲ್ಲಿ ನೀರಿನ ಮೂಲಗಳ ರಕ್ಷಣೆಯ ಕೆಲಸ ಬೇರೆ ದಾರಿಯಿಂದ ಆಯಿತು. 1908ರ ಮೂಸಿ ಪ್ರವಾಹದ ಬಳಿಕ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ನಿರ್ಮಾಣವಾದವು. ಇವುಗಳ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಕ ಉದ್ಯಮಗಳನ್ನು ಆಂಧ್ರಪ್ರದೇಶ ಸರ್ಕಾರ 1996ರ ಮಾರ್ಚ್ 8ರಂದು 111ನೇ ಆದೇಶದ ಮೂಲಕ ನಿಷೇಧಿಸಿತು. ಮರುವರ್ಷ ತಾನೇ ಹರಳೆಣ್ಣೆ ಉತ್ಪನ್ನಗಳ ಕಾರ್ಖಾನೆಯೊಂದಕ್ಕೆ ವಿನಾಯಿತಿ ಕೊಟ್ಟಿತು. ವಿಷದ್ರವ ನೆಲಕ್ಕಿಳಿದು ಜಲಾಶಯ ಸೇರುವ ಭಯವಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಡಲಿಲ್ಲ. ಮಂಡಳಿ ಹಾಗೂ ಎಂ.ವಿ. ನಾಯುಡು ಮತ್ತಿತರರ ನಡುವಿನದೆಂದು ದಾಖಲಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಮುನ್ನೆಚ್ಚರಿಕೆಯ ತತ್ವವನ್ನು ಎತ್ತಿಹಿಡಿಯಿತು: ಹಾನಿಯಾಗದೆಂದು ರುಜುವಾತು ಮಾಡುವ ಹೊಣೆ ಉದ್ಯಮದ್ದು. 2000ದ ಡಿಸೆಂಬರಿನಲ್ಲಿ ವಿನಾಯಿತಿಯನ್ನೂ ತಳ್ಳಿಹಾಕಿತು. ಕೊಳವೆಮಾರ್ಗದ ವ್ಯಾಜ್ಯವಲ್ಲದಿದ್ದರೂ, ಅಪಾಯಕಾರಿ ದ್ರವ ಮತ್ತು ಕುಡಿಯುವ ನೀರು ಎದುರುಬದುರಾದಾಗ ನೆಚ್ಚಬಹುದಾದ ತೀರ್ಪು ಇದೇ.

2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ 69ನೇ ಆದೇಶದಿಂದ 111ನೇ ಆದೇಶದ ನಿರ್ಬಂಧಗಳನ್ನು ತೆಗೆಯಿತು. ನಗರದ ನೀರಿನಲ್ಲಿ ಈ ಜಲಾಶಯಗಳ ಪಾಲು ಶೇ. 1.25ಕ್ಕಿಂತ ಕಡಿಮೆ ಎಂಬುದು ಕೊಟ್ಟ ಕಾರಣ. ಅವನ್ನು ಕಟ್ಟಿದ್ದು ಪ್ರವಾಹ ತಡೆಯುವುದಕ್ಕೂ ಎಂಬುದು ಈ ಲೆಕ್ಕದಲ್ಲಿ ಸೇರಿಲ್ಲ. ನೀರಿನ ಗುಣಮಟ್ಟ ಕೆಡಬಾರದೆಂಬ ಷರತ್ತನ್ನು ಮಾತ್ರ ಆದೇಶ ಉಳಿಸಿಕೊಂಡಿತು.