ನಾಗರತ್ನಮ್ಮನ ಪುಸ್ತಕವೂ ಅಶ್ಲೀಲದ ಕಾನೂನೂ

ಅಶ್ಲೀಲ ಪುಸ್ತಕ, ಅಶ್ಲೀಲ ಸಿನೆಮಾ ಎಂದೊಡನೆ ನಮ್ಮ ಕಣ್ಣೆದುರು ಬರುವವನು ಹೆಣ್ಣಿನ ಮೈಯನ್ನು ಮಾರಿ ದುಡ್ಡು ಎಣಿಸುವ ವ್ಯಾಪಾರಿ. ಅಂಥವನನ್ನು ಕಾನೂನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಯಾ, ಅಂದರೆ ಲಜ್ಜೆ, ಈಮಾನಿನ ಭಾಗವೆಂದು ನಂಬಿದವರು ನಾವು. ಆದರೆ ಈ ಕಾನೂನು ನಿಜಕ್ಕೂ ಹಿಡಿದದ್ದು ಯಾರನ್ನು? ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಮತ್ತು ಆಕೆಯ ಪುಸ್ತಕವನ್ನು ಅಚ್ಚು ಹಾಕಿದ ಮದ್ರಾಸಿನ ಒಂದು ಪ್ರಕಾಶನ ಸಂಸ್ಥೆಯ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

ಆ ಸಂಸ್ಥೆಯ ಹೆಸರು ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್. 1854ರಲ್ಲಿ ಆರಂಭವಾದ ಈ ಮುದ್ರಣಾಲಯ ತೆಲುಗು, ಸಂಸ್ಕೃತ ಗ್ರಂಥಗಳನ್ನು ಅಚ್ಚು ಹಾಕಿ ಹೆಸರು ಗಳಿಸಿತ್ತು. ಓಲೆಗರಿಗಳಲ್ಲಿದ್ದ ಪುರಾಣ, ಕಾವ್ಯಗಳು ಸಾಮಾನ್ಯ ಓದುಗನ ಕೈ ಸೇರಿದ್ದು ಇಂಥ ಮುದ್ರಣಾಲಯಗಳಿಂದಲೇ. ಸ್ಥಾಪಕರ ನಂತರ ಮಗ ವೆಂಕಟೇಶ್ವರ ಶಾಸ್ತ್ರುಲು ಅದನ್ನು ಬೆಳೆಸಿದರು. 1910ರಲ್ಲಿ ಅವರು ಪ್ರಕಟಿಸಿದ ಪುಸ್ತಕ ‘ರಾಧಿಕಾ ಸಾಂತ್ವನಮು’.

ಇದನ್ನು ಬರೆದವಳು 18ನೇ ಶತಮಾನದಲ್ಲಿ ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ. ರಾಧೆಯ ಮುನಿಸನ್ನೂ ಕೃಷ್ಣನ ಸಮಾಧಾನವನ್ನೂ ಹೇಳುವ ಶೃಂಗಾರ ಕಾವ್ಯ. ಸಂಪಾದಿಸಿದವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ಜನಿಸಿದ ಇವರು ಕನ್ನಡ, ಸಂಸ್ಕೃತ, ತೆಲುಗು ಬಲ್ಲ ವಿದುಷಿ, ಪ್ರಸಿದ್ಧ ಗಾಯಕಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದವರು ಇವರೇ. ಬರೆದವಳೂ ಸಂಪಾದಿಸಿದವರೂ ದೇವದಾಸಿ ಮನೆತನದವರು.

ಈ ಕಾವ್ಯವನ್ನು ಕಂದುಕೂರಿ ವೀರೇಶಲಿಂಗಂ ಪಂತುಲು ಮೊದಲೇ ಅಸಹ್ಯವೆಂದು ಟೀಕಿಸಿದ್ದರು. ವಿಧವಾ ವಿವಾಹಕ್ಕಾಗಿ ಹೋರಾಡಿದ ದೊಡ್ಡ ಸುಧಾರಕರು ಅವರು. ಆದರೆ ಗಂಡಸರು ಬರೆದ ಇಂಥವೇ ಶೃಂಗಾರ ಕಾವ್ಯಗಳ ಬಗ್ಗೆ ಅವರಿಗೆ ಇಷ್ಟು ಅಸಹನೆ ಇರಲಿಲ್ಲ. ಲಜ್ಜೆಯೆಂಬುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಬೇಡವೇ ಎಂದು ನಾಗರತ್ನಮ್ಮ ತಮ್ಮ ಪೀಠಿಕೆಯಲ್ಲೇ ಕೇಳಿದರು. ಉತ್ತರ ಬಂದದ್ದು ಪೊಲೀಸರಿಂದ. 1911ರಲ್ಲಿ ಪ್ರತಿಗಳನ್ನು ವಶಪಡಿಸಿಕೊಳ್ಳಲಾಯಿತು, ಪ್ರಕಾಶಕರ ಮೇಲೆ ಕ್ರಮ ಜರುಗಿತು. ಪಂಡಿತರ ಮನವಿಗಳೂ ಫಲ ಕೊಡಲಿಲ್ಲ.

ಆಗ ಅಶ್ಲೀಲ ಪುಸ್ತಕ ಮಾರುವುದನ್ನು ಅಪರಾಧವೆನ್ನುತ್ತಿದ್ದುದು 1860ರ ದಂಡಸಂಹಿತೆಯ 292ನೇ ಕಲಂ. ಯಾವುದು ಅಶ್ಲೀಲ ಎಂಬುದನ್ನು ಅಳೆಯುವ ಕೋಲು ಮಾತ್ರ ಇಂಗ್ಲೆಂಡಿನದು. 1868ರ ಹಿಕ್ಲಿನ್ ತೀರ್ಪಿನ ಪ್ರಕಾರ, ಕೆಡುವ ಸ್ವಭಾವದ ಓದುಗನ ಕೈಗೆ ಸಿಕ್ಕರೆ ಅವನನ್ನು ಕೆಡಿಸಬಲ್ಲದ್ದೆಲ್ಲ ಅಶ್ಲೀಲ. ಕೃತಿಯನ್ನು ಇಡಿಯಾಗಿ ನೋಡುವ ಅಗತ್ಯವಿಲ್ಲ, ನಾಲ್ಕು ಸಾಲು ಸಾಕು.

ನಮ್ಮ ಚಚಡಿಯ ಕಡೆಯವರಿಗೆ ಈ ಕತೆ ದೂರದ್ದಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿದ್ದನ್ನು ಈ ಸೀಮೆ ಕಂಡಿದೆ. ಭಕ್ತಿಯ ಮಾತು ಬೇರೆ, ಬಡವರ ಮಕ್ಕಳ ಬದುಕಿನ ಮಾತು ಬೇರೆ. ಅಪ್ರಾಪ್ತ ಹುಡುಗಿಯರ ಮಾರಾಟಕ್ಕೆ ಶಿಕ್ಷೆ ಅದೇ ದಂಡಸಂಹಿತೆಯ 372ನೇ ಕಲಮಿನಲ್ಲಿತ್ತು. ಆದರೂ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ದೇವದಾಸಿಯ ಮೈ ಮಾರಾಟವಾಗುವುದನ್ನು ಇಷ್ಟು ಕಾಲ ಸಹಿಸಿದ ವ್ಯವಸ್ಥೆಗೆ ಆಕೆಯ ಕಾವ್ಯ ಮಾರಾಟವಾಗುವುದನ್ನು ಒಂದು ವರ್ಷವೂ ಸಹಿಸಲಾಗಲಿಲ್ಲ. ತವಾಯಫರ ಕೋಠೆಗಳನ್ನು ಪೋಷಿಸಿದ ನವಾಬರನ್ನು ನೆನೆದರೆ ನಾವೂ ಇತರರತ್ತ ಬೆರಳು ತೋರಿಸುವಂತಿಲ್ಲ.

ಉರ್ದುವಿನಲ್ಲೂ ಇದೇ ನಡೆಯಿತು. 1942ರಲ್ಲಿ ‘ಲಿಹಾಫ್’ ಕತೆ ಪ್ರಕಟಿಸಿದ ಇಸ್ಮತ್ ಚುಗತಾಯಿ ಲಾಹೋರಿನ ಕೋರ್ಟಿಗೆ ಅಲೆಯಬೇಕಾಯಿತು, ಕೊನೆಗೆ ಖುಲಾಸೆಯಾದರು. ಸಿನೆಮಾದ ಸರದಿ ಬಂದಾಗ ಸಿಕ್ಕಿಬಿದ್ದವರು ಖ್ವಾಜಾ ಅಹ್ಮದ್ ಅಬ್ಬಾಸ್. ನಗರಗಳ ಸಿರಿವಂತಿಕೆ, ಬಡತನಗಳನ್ನು ಎದುರುಬದುರು ಇಟ್ಟು ತೋರಿಸಿದ ಅವರ 1968ರ ಕಿರುಚಿತ್ರದಲ್ಲಿ ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳಿದ್ದವು. ಮಂಡಳಿ ವಯಸ್ಕರಿಗೆ ಮಾತ್ರ ಎಂದಿತು. ಎಲ್ಲರಿಗೂ ತೋರಿಸಬೇಕಾದರೆ ಆ ದೃಶ್ಯಗಳನ್ನು ಕತ್ತರಿಸಬೇಕೆಂದು ಸರಕಾರ ಹೇಳಿತು. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಸರಕಾರ ಪಟ್ಟು ಸಡಿಲಿಸಿತು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಸೆನ್ಸಾರನ್ನು ಎತ್ತಿಹಿಡಿದರು. ಆದರೆ ಕಾಮದ ಪ್ರಸ್ತಾಪವೆಲ್ಲ ಅಶ್ಲೀಲವಲ್ಲ ಎಂದೂ ಸ್ಪಷ್ಟಪಡಿಸಿದರು.

ರಾಧಿಕಾ ಸಾಂತ್ವನದ ಮೇಲಿನ ನಿಷೇಧ 1947ರಲ್ಲಿ ಟಂಗುಟೂರಿ ಪ್ರಕಾಶಂ ಅವರಿಂದಾಗಿ ತೆರವಾಯಿತು. 1952ರಲ್ಲಿ ವಾವಿಳ್ಳ ಸಂಸ್ಥೆ ಅದನ್ನು ಮರುಮುದ್ರಿಸಿತು. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ. ಹಿಕ್ಲಿನ್ ಅಳತೆಗೋಲನ್ನು ಸುಪ್ರೀಂ ಕೋರ್ಟ್ ಕೈಬಿಟ್ಟದ್ದು 2014ರಲ್ಲಿ. 2024ರ ಜುಲೈನಿಂದ ಹಳೆಯ 292ನೇ ಕಲಮಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಇದೆ.

ಇಂದು ಮೊಬೈಲಿನಲ್ಲಿ ನಡೆಯುವ ಕೊಳಕು ವ್ಯಾಪಾರಕ್ಕೆ ಕಡಿವಾಣ ಬೇಕೆಂದು ನಾವೆಲ್ಲ ಕೇಳುತ್ತೇವೆ, ಕೇಳಬೇಕು ಕೂಡ. ಆದರೆ ಇಲ್ಲಿ ದುಡ್ಡು ಯಾರ ಜೇಬಿಗೆ ಹೋಗುತ್ತಿದೆ, ಹೆಣ್ಣು ತಾನೇ ಮಾತಾಡುತ್ತಿದ್ದಾಳೋ ಅಥವಾ ಅವಳನ್ನು ಮಾರಲಾಗುತ್ತಿದೆಯೋ ಎಂಬುದನ್ನು ಕಾನೂನು ಮೊದಲು ವಿಚಾರಿಸಲಿ. ಅದನ್ನು ಕೇಳದಿದ್ದರೆ ವ್ಯಾಪಾರಿ ತಪ್ಪಿಸಿಕೊಳ್ಳುತ್ತಾನೆ, ನಾಗರತ್ನಮ್ಮನಂಥವರು ಸಿಕ್ಕಿಬೀಳುತ್ತಾರೆ.