ಮತ್ತೆ ಮತ್ತೆ ಬಳಸಬಹುದಾದ ಫೇಸ್ ಶೀಲ್ಡ್: ಹೇಗೆ ಮಾಡಬೇಕು, ಹೇಗೆ ತೊಳೆಯಬೇಕು?

ಗಂಟಲಿಗೆ ಟ್ಯೂಬ್ ಹಾಕಿರುವ ರೋಗಿಯ ಕಫವನ್ನು ಸಕ್ಷನ್ ಯಂತ್ರದಿಂದ ತೆಗೆಯುವಾಗ ಅವರು ಒಮ್ಮೆ ಜೋರಾಗಿ ಕೆಮ್ಮಿದರೆ ಸಾಕು, ಹನಿಗಳು ಎದುರಿಗಿರುವವರ ಮುಖಕ್ಕೆ ಸಿಡಿಯುತ್ತವೆ. ವಾಂತಿ, ಗಾಯ ತೊಳೆದ ನೀರು, ಡ್ರೈನ್ ಚೀಲದ ರಕ್ತ ಕೂಡ ಹೀಗೆಯೇ ಸಿಡಿಯಬಹುದು. ಮೂಗು, ಬಾಯಿಗೆ ಮಾಸ್ಕ್ ಇರುತ್ತದೆ, ಆದರೆ ಕಣ್ಣು ತೆರೆದೇ ಇರುತ್ತದೆ. ಕಣ್ಣಿನ ತೆಳುಪೊರೆಯ ಮೂಲಕವೂ ಸೋಂಕು ದೇಹ ಸೇರಬಲ್ಲದು.

ಇದಕ್ಕೆ ಸರಳ ರಕ್ಷಣೆ ಫೇಸ್ ಶೀಲ್ಡ್. ನೀವೇ ರೋಗಿಯ ಆರೈಕೆ ಮಾಡುತ್ತಿರಲಿ, ಮನೆಗೆ ನರ್ಸ್ ಅಥವಾ ಆಯಾ ಬರುತ್ತಿರಲಿ, ಸರಿಯಾಗಿ ಮಾಡಿದ ಒಂದು ಶೀಲ್ಡ್ ಬಹಳ ದಿನ ಬಾಳಿಕೆ ಬರುತ್ತದೆ. ಆದರೆ ಒಂದು ಷರತ್ತು: ಅದರ ಪ್ರತಿಯೊಂದು ಭಾಗವೂ ತೊಳೆಯುವಂತಿರಬೇಕು. ತೊಳೆಯಲಾಗದ ಶೀಲ್ಡನ್ನು ಮತ್ತೆ ಧರಿಸಿದರೆ ನಿನ್ನೆಯ ಸೋಂಕನ್ನು ಇಂದು ಮುಖಕ್ಕೆ ಕಟ್ಟಿಕೊಂಡಂತೆ.

ಶೀಲ್ಡ್ ಎಷ್ಟು ರಕ್ಷಣೆ ಕೊಡುತ್ತದೆ?

ಅಮೆರಿಕದ ನಿಯೋಶ್ ಸಂಸ್ಥೆಯ ಸಂಶೋಧಕರು ಕೆಮ್ಮುವ ಯಂತ್ರವೊಂದನ್ನು ಬಳಸಿ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಸುಮಾರು 46 ಸೆಂ.ಮೀ. ದೂರದಿಂದ ಕೆಮ್ಮಿದಾಗ, ಆ ಕ್ಷಣದಲ್ಲಿ ಉಸಿರಿನೊಳಗೆ ಹೋಗುತ್ತಿದ್ದ ದೊಡ್ಡ ಕಣಗಳಲ್ಲಿ 96% ಕಣಗಳನ್ನು ಶೀಲ್ಡ್ ತಡೆಯಿತು. ಸಣ್ಣ ಕಣಗಳ ವಿಷಯದಲ್ಲಿ ಈ ಪ್ರಮಾಣ 68%ಕ್ಕೆ ಇಳಿಯಿತು. ಆ ಸಣ್ಣ ಕಣಗಳು ಕೋಣೆಯ ಗಾಳಿಯಲ್ಲಿ ಹರಡಿದ ಮೇಲೆ, ಮುಂದಿನ ಅರ್ಧ ಗಂಟೆಯಲ್ಲಿ, ಶೀಲ್ಡಿನಿಂದ ಸಿಕ್ಕ ರಕ್ಷಣೆ ಕೇವಲ 23%.

2020ರಲ್ಲಿ ಚೆನ್ನೈನಲ್ಲಿ ಮನೆ ಮನೆಗೆ ಹೋಗಿ ಕೋವಿಡ್ ಬಗ್ಗೆ ತಿಳಿಹೇಳುತ್ತಿದ್ದ 62 ಆರೋಗ್ಯ ಕಾರ್ಯಕರ್ತರ ಅನುಭವ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮೊದಲು ಮಾಸ್ಕ್, ಕೈಗವಸು ಧರಿಸಿ ಕೆಲಸ ಮಾಡುತ್ತಿದ್ದಾಗ ಅವರಲ್ಲಿ 12 ಮಂದಿಗೆ ಸೋಂಕು ತಗಲಿತು. ನಂತರ ಉಳಿದ 50 ಮಂದಿಗೆ ಪಿಇಟಿ ಹಾಳೆಯ ಫೇಸ್ ಶೀಲ್ಡನ್ನೂ ಕೊಡಲಾಯಿತು. ಅವರು 18,228 ಮನೆಗಳಿಗೆ ಹೋಗಿ ಬಂದರೂ ಯಾರಿಗೂ ಸೋಂಕು ಬರಲಿಲ್ಲ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಇದೆಲ್ಲ ಶೀಲ್ಡಿನಿಂದಲೇ ಆಯಿತು ಎನ್ನಲಾಗದು. ಅವರು ಮಾಸ್ಕ್ ಬಿಟ್ಟಿರಲಿಲ್ಲ ಎಂಬುದನ್ನೂ ಗಮನಿಸಿ.

ಆದ್ದರಿಂದ ನೆನಪಿಡಿ: ಶೀಲ್ಡ್ ಸಿಡಿಯುವ ಹನಿಗೆ ತಡೆ, ಗಾಳಿಯಲ್ಲಿ ತೇಲುವ ರೋಗಾಣುವಿಗೆ ಅಲ್ಲ. ಮಾಸ್ಕಿನ ಜೊತೆಗೆ ಧರಿಸಬೇಕೇ ಹೊರತು ಮಾಸ್ಕಿನ ಬದಲಿಗಲ್ಲ. ಕ್ಷಯದಂಥ ಗಾಳಿಯಿಂದ ಹರಡುವ ರೋಗವಿದ್ದರೆ ಎನ್95 ಮಾಸ್ಕ್ ಮತ್ತು ತೆರೆದ ಕಿಟಕಿಯೇ ಮುಖ್ಯ.

ಯಾವ ಸಾಮಗ್ರಿ ಒಳ್ಳೆಯದು?

ಕೋವಿಡ್ ಮೊದಲ ಅಲೆಯಲ್ಲಿ ಆಸ್ಪತ್ರೆಗಳಲ್ಲಿ ಶೀಲ್ಡ್‌ಗಳ ಕೊರತೆಯಾದಾಗ ಹಲವರು ತಮ್ಮ ವಿನ್ಯಾಸಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಜೆಕ್ ದೇಶದ ಪ್ರೂಸಾ ಕಂಪನಿ ತ್ರೀಡಿ ಪ್ರಿಂಟರಿನಲ್ಲಿ ಮಾಡುವ ಹಣೆಪಟ್ಟಿಯ ವಿನ್ಯಾಸ ಕೊಟ್ಟಿತು. ಮುಂಬೈಯ ಮೇಕರ್ಸ್ ಅಸೈಲಮ್ ಆರಂಭಿಸಿದ ಎಂ-19 ಶೀಲ್ಡನ್ನು ದೇಶದ ಹಲವು ಊರುಗಳಲ್ಲಿ ಸ್ವಯಂಸೇವಕರು ಲಕ್ಷಗಟ್ಟಲೆ ತಯಾರಿಸಿದರು. ಮನೆಯಲ್ಲಿ ಒಂದೆರಡು ಮಾಡಿಕೊಳ್ಳಲು ಪ್ರಿಂಟರ್ ಬೇಕಿಲ್ಲ.

- ಪಾರದರ್ಶಕ ಹಾಳೆ: 175ರಿಂದ 250 ಮೈಕ್ರಾನ್ ದಪ್ಪದ ಪಿಇಟಿ ಹಾಳೆ. ಸ್ಟೇಷನರಿ ಅಂಗಡಿಯಲ್ಲಿ ಕೇಳಿ. ಸ್ಪಿರಿಟ್‌ನಿಂದ ಒರೆಸಿದರೂ ಇದು ಸುಲಭಕ್ಕೆ ಹಾಳಾಗುವುದಿಲ್ಲ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ಹಾಳೆಗಳು ಸ್ಪಿರಿಟ್ ತಾಗಿ ಮಬ್ಬಾಗಬಹುದು, ಬಿರುಕು ಬಿಡಬಹುದು.
- ಹಣೆಪಟ್ಟಿ: ನೀರು ಹೀರದ ಇವಿಎ ಫೋಮ್, ಸುಮಾರು 2.5 ಸೆಂ.ಮೀ. ದಪ್ಪ. ಶಾಲಾ ಮಕ್ಕಳ ಕರಕುಶಲ ಕೆಲಸಕ್ಕೆ ಮಾರುವ ಫೋಮ್ ಹಾಳೆ ಇದೇ. ಅದನ್ನು ಪದರ ಪದರವಾಗಿ ಅಂಟಿಸಿಕೊಳ್ಳಬಹುದು. ಹಾಸಿಗೆ, ಸೋಫಾದ ಸ್ಪಂಜು ಬೇಡ. ಅದು ಬೆವರು, ಕಫ ಎರಡನ್ನೂ ಹೀರಿಕೊಳ್ಳುತ್ತದೆ.
- ಕಟ್ಟುವ ಪಟ್ಟಿ: ತೆಗೆದು ಒಗೆಯಬಹುದಾದ ಅಗಲದ ಎಲಾಸ್ಟಿಕ್, ಗುಂಡಿ ಹಾಕುವ ತೂತುಗಳಿರುವುದಾದರೆ ಇನ್ನೂ ಒಳ್ಳೆಯದು. ಇಂಥದ್ದು ಎರಡು ಇರಲಿ.

ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಪಿನ್ ತುಕ್ಕು ಹಿಡಿಯುತ್ತದೆ, ಅದರ ಸಂದಿಯಲ್ಲಿ ಕೊಳೆ ಕೂರುತ್ತದೆ.

ಮಾಡುವ ಬಗೆ

1. ಹಾಳೆಯನ್ನು 32 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಎ4 ಹಾಳೆ ಸಣ್ಣ ಮುಖಕ್ಕೆ ಸಾಕಾಗಬಹುದು, ದೊಡ್ಡ ಮುಖಕ್ಕೆ ಗಲ್ಲದ ಬಳಿ ಕಡಿಮೆ ಬೀಳುತ್ತದೆ.
2. ಕೆಳಗಿನ ಎರಡು ಮೂಲೆಗಳನ್ನು ದುಂಡಗೆ ಕತ್ತರಿಸಿ. ಇಲ್ಲದಿದ್ದರೆ ಬಗ್ಗಿದಾಗ ಕುತ್ತಿಗೆಗೆ, ಎದೆಗೆ ಚುಚ್ಚುತ್ತದೆ.
3. ಮೇಲಂಚಿನಿಂದ 2 ಸೆಂ.ಮೀ. ಕೆಳಗೆ, ಎರಡೂ ಬದಿಯಲ್ಲಿ ಕಾಗದಕ್ಕೆ ತೂತು ಹೊಡೆಯುವ ಪಂಚಿನಿಂದ ತೂತು ಮಾಡಿ, ಎಲಾಸ್ಟಿಕ್ ಪೋಣಿಸಿ.
4. ಫೋಮ್ ಪಟ್ಟಿಯನ್ನು ಹಾಳೆಯ ಒಳಬದಿಯಲ್ಲಿ ಮೇಲಂಚಿಗೆ ಸರಿಯಾಗಿ ಅಂಟಿಸಿ. ಪಟ್ಟಿ ಹಣೆಯುದ್ದಕ್ಕೂ ಇರಲಿ, ನಡುವೆ ಸಂದು ಬೇಡ. ಮೇಲಿನಿಂದ ಹನಿ ಒಳಗೆ ಬೀಳದಂತೆ ತಡೆಯುವುದು ಇದೇ. ಕನ್ನಡಕಕ್ಕೂ ಮಾಸ್ಕಿಗೂ ಜಾಗ ಮಾಡಿಕೊಡುವುದೂ ಇದೇ.

ಧರಿಸಿ ಕನ್ನಡಿಯಲ್ಲಿ ನೋಡಿ. ಹಣೆ ಪೂರ್ತಿ ಮುಚ್ಚಿರಬೇಕು, ಕೆಳಗೆ ಗಲ್ಲವನ್ನು ದಾಟಿರಬೇಕು, ಬದಿಗಳಲ್ಲಿ ಕಿವಿಯವರೆಗೆ ಸುತ್ತಿಕೊಂಡಿರಬೇಕು. ತಲೆ ಬಗ್ಗಿಸಿದಾಗ ಜಾರಬಾರದು. ಉಸಿರಿನಿಂದ ಹಾಳೆ ಮಂಜಾಗುತ್ತಿದ್ದರೆ ಮಾಸ್ಕಿನ ಮೂಗಿನ ತಂತಿಯನ್ನು ಸರಿಯಾಗಿ ಒತ್ತಿಕೊಳ್ಳಿ.

ತೆಗೆಯುವುದು ಮತ್ತು ತೊಳೆಯುವುದು

ಶೀಲ್ಡಿನ ಮುಂಭಾಗ ಕೊಳೆಯಾಗಿದೆ ಎಂದೇ ತಿಳಿಯಿರಿ. ಅದನ್ನು ಮುಟ್ಟದೆ, ಸ್ವಲ್ಪ ಮುಂದಕ್ಕೆ ಬಾಗಿ, ತಲೆಯ ಹಿಂದಿನ ಎಲಾಸ್ಟಿಕ್ ಹಿಡಿದು ತೆಗೆಯಿರಿ. ಕೈ ತೊಳೆದು, ಶುದ್ಧ ಕೈಗವಸು ಹಾಕಿಕೊಂಡು ಹೀಗೆ ಮಾಡಿ:

1. ಎಲಾಸ್ಟಿಕ್ ಬಿಚ್ಚಿ, ಸೋಪಿನ ನೀರಿನಲ್ಲಿ ಬೇರೆಯಾಗಿ ಒಗೆಯಿರಿ.
2. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ, ಮೊದಲು ಒಳಭಾಗ, ನಂತರ ಹೊರಭಾಗ ಒರೆಸಿ. ಫೋಮಿನ ಅಂಚುಗಳನ್ನು ಮರೆಯಬೇಡಿ. ಕೊಳೆ ಉಳಿದಿದ್ದರೆ ಸೋಂಕುನಾಶಕ ಕೆಲಸ ಮಾಡುವುದಿಲ್ಲ.
3. ಸೋಪು ಹೋಗುವಂತೆ ತೊಳೆದು, 70% ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಅಥವಾ 0.1% ಬ್ಲೀಚ್ ದ್ರಾವಣ ಹಚ್ಚಿ 10 ನಿಮಿಷ ಒದ್ದೆಯಾಗಿಯೇ ಇರಿಸಿ. ಬಾಟಲಿಯ ಮೇಲೆ 5% ಎಂದಿದ್ದರೆ 20 ಮಿ.ಲೀ. ಬ್ಲೀಚಿಗೆ 980 ಮಿ.ಲೀ. ನೀರು. ಇದನ್ನು ದಿನಾ ಹೊಸದಾಗಿ ಬೆರೆಸಿಕೊಳ್ಳಿ.
4. ಬ್ಲೀಚ್ ಬಳಸಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಕಣ್ಣು ಉರಿಯುತ್ತದೆ. ನೆರಳಿನಲ್ಲಿ ತೂಗುಹಾಕಿ ಒಣಗಿಸಿ.

ಎಚ್ಚರಿಕೆ: ಬ್ಲೀಚನ್ನು ಟಾಯ್ಲೆಟ್ ಕ್ಲೀನರ್, ಆ್ಯಸಿಡ್ ಅಥವಾ ಬೇರೆ ಯಾವುದೇ ಕ್ಲೀನರಿನೊಂದಿಗೆ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಮನೆಯಲ್ಲಿ ರೋಗಿಗೆ ಆಕ್ಸಿಜನ್ ಕೊಡುತ್ತಿದ್ದರೆ ಸ್ಪಿರಿಟ್ ಬಳಕೆ ಆ ಕೋಣೆಯಲ್ಲಿ ಬೇಡ, ಒಲೆಯ ಬಳಿಯೂ ಬೇಡ. ಶೀಲ್ಡನ್ನು ಕುದಿಸಬೇಡಿ, ಕುಕ್ಕರಿನಲ್ಲಿ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ. ಸ್ಟೀಲ್ ನಾರಿನಿಂದ ಉಜ್ಜಬೇಡಿ.

ಯಾವಾಗ ಎಸೆಯಬೇಕು?

ಹಾಳೆ ಮಬ್ಬಾಗಿ ಎದುರಿನದು ಸ್ಪಷ್ಟವಾಗಿ ಕಾಣದಿದ್ದರೆ, ಬಿರುಕು ಬಿಟ್ಟರೆ, ಫೋಮ್ ಕಿತ್ತುಬಂದರೆ, ಎಲಾಸ್ಟಿಕ್ ಸಡಿಲವಾದರೆ ಆ ಭಾಗವನ್ನು ಬದಲಿಸಿ ಅಥವಾ ಪೂರ್ತಿ ಎಸೆಯಿರಿ. ಒಬ್ಬರಿಗೆ ಒಂದು ಶೀಲ್ಡ್ ಇರಲಿ, ಹೆಸರು ಬರೆದಿಡಿ. ರಾತ್ರಿ ಪಾಳಿಯ ನರ್ಸ್ ಮತ್ತು ನೀವು ಒಂದನ್ನೇ ಹಂಚಿಕೊಳ್ಳಬೇಡಿ. ಆಸ್ಪತ್ರೆಗೆ ಮಾಡಿಕೊಡುವ ಆಸೆಯಿದ್ದರೆ ಮೊದಲು ಅಲ್ಲಿನ ಸೋಂಕು ನಿಯಂತ್ರಣ ವಿಭಾಗವನ್ನು ಕೇಳಿ. ಅವರು ಬಳಸುವ ಸೋಂಕುನಾಶಕಕ್ಕೆ ನಿಮ್ಮ ಸಾಮಗ್ರಿ ತಡೆಯದಿದ್ದರೆ ಶ್ರಮವೆಲ್ಲ ವ್ಯರ್ಥ.

ಶೀಲ್ಡ್ ಇಲ್ಲದಾಗ ಕಣ್ಣಿಗೆ ಸಿಡಿದರೆ?

ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೂ ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ 15 ನಿಮಿಷ ಕಣ್ಣು ತೊಳೆಯಿರಿ, ನಂತರ ಲೆನ್ಸ್ ತೆಗೆದು ಮತ್ತೆ ತೊಳೆಯಿರಿ. ಸೋಪು, ಸ್ಯಾನಿಟೈಸರ್ ಕಣ್ಣಿಗೆ ಹಾಕಬೇಡಿ. ಸಿಡಿದದ್ದು ರಕ್ತ ಅಥವಾ ರಕ್ತ ಬೆರೆತ ದ್ರವವಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ವೈದ್ಯರಿಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ ಆರಂಭಿಸಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ನಿಮಗೆ ಆಗಿದೆಯೇ ಎಂಬುದನ್ನೂ ವೈದ್ಯರು ಕೇಳುತ್ತಾರೆ. ಮನೆಯಲ್ಲಿ ದೀರ್ಘಕಾಲದ ರೋಗಿಯನ್ನು ನೋಡಿಕೊಳ್ಳುವವರು ಈ ಲಸಿಕೆಯ ಬಗ್ಗೆ ಇವತ್ತೇ ವೈದ್ಯರಲ್ಲಿ ವಿಚಾರಿಸಿ.